ಪೊಟ್ಟಣದಲ್ಲಿ ಮೂರು ಕಾಯಿ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಪರೀಕ್ಷೆಯ ಪೇಪರು ತಿದ್ದುವಾಗ ನಾಲ್ಕು ಸಲ ಎದ್ದು ಕಾಫಿಗೆ ನೀರಿಡುತ್ತೇನೆ, ಇಟ್ಟದ್ದನ್ನು ಮರೆತು ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. "ನಿನ್ನ ಕಾಲಿಗೆ ಯಾರೋ ಚಕ್ರ ಕಟ್ಟಿ ಕಳಿಸಿದಾರೆ ಕಣೆ," ಎಂದು ನನ್ನ ಗಂಡ ಮದುವೆಯಾದ ವರ್ಷದಿಂದ ಹೇಳುತ್ತಿದ್ದಾರೆ. ಆದರೆ ಕಳೆದ ವರ್ಷ ಒಂದು ಶುಕ್ರವಾರದಿಂದ ಸೋಮವಾರದವರೆಗೆ ನಾನು ಪಟ್ಟ ಚಡಪಡಿಕೆಯೇ ಬೇರೆ. ಅದರ ಕಾರಣ ನನ್ನ ಕೈಚೀಲದೊಳಗೆ ಇತ್ತು. ತೂಕ ಹಾಕಿದರೆ ಒಂದು ಚಿಟಿಕೆ ಸಾಸಿವೆಯಷ್ಟೂ ಬರುತ್ತಿರಲಿಲ್ಲ.

ನಾನು ಸಸ್ಯಶಾಸ್ತ್ರ ಪಾಠ ಮಾಡುವವಳು. ಗಂಡನಿಗೆ ಇಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ನೈರೋಬಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಮನೆ ಹೈರಿಡ್ಜ್‌ನಲ್ಲಿ. ಕೆಲಸ ರಿವರ್‌ಸೈಡ್ ಕಡೆಯ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ನಮ್ಮ ವಿಭಾಗದ ಹರ್ಬೇರಿಯಂ ಇದೆ. ಹರ್ಬೇರಿಯಂ ಎಂದರೆ ಬೇರೇನಲ್ಲ, ಒಣಗಿಸಿದ ಗಿಡಗಳನ್ನು ದಪ್ಪ ಕಾಗದದ ಹಾಳೆಗೆ ಅಂಟಿಸಿ ಬೀರುಗಳಲ್ಲಿ ಜೋಡಿಸಿಟ್ಟ ಕೋಣೆ. ನುಸಿಗುಳಿಗೆ ವಾಸನೆ ಹೊಡೆಯುತ್ತದೆ. ಮೊದಮೊದಲು ಸೀರೆಗೆಲ್ಲ ಅದೇ ವಾಸನೆ ಅಂಟಿ, ಊರಿನ ಟ್ರಂಕು ತೆಗೆದ ಹಾಗೆ ಆಗುತ್ತಿತ್ತು. ಈಗ ನನಗೆ ಅದು ಗೊತ್ತೇ ಆಗುವುದಿಲ್ಲ.

ಆ ಕೋಣೆಯಲ್ಲಿ ಒಂದು ಪದ್ಧತಿ ಉಂಟು. ಪ್ರತಿ ಹಾಳೆಯ ಮೂಲೆಯಲ್ಲಿ ಗಿಡದ ಹೆಸರು, ಗುರುತಿಸಿದವರ ಹೆಸರು, ವರ್ಷ ಬರೆದ ಒಂದು ಸಣ್ಣ ಚೀಟಿ ಇರುತ್ತದೆ. ಮುಂದೆ ಯಾರಾದರೂ "ಇದು ತಪ್ಪು" ಎಂದು ಕಂಡುಹಿಡಿದರೆ ಹಳೆಯ ಚೀಟಿಯನ್ನು ಕೀಳುವ ಹಾಗಿಲ್ಲ, ಹೊಡೆದುಹಾಕುವ ಹಾಗಿಲ್ಲ. ಅದರ ಪಕ್ಕದಲ್ಲೇ ತಮ್ಮ ಚೀಟಿ ಅಂಟಿಸಬೇಕು. ತಪ್ಪೂ ಇರಬೇಕು, ತಿದ್ದಿದ್ದೂ ಇರಬೇಕು, ಇಬ್ಬರ ಹೆಸರೂ ಇರಬೇಕು. ನಾನು ಸತ್ತ ಮೇಲೂ ನನ್ನ ದಡ್ಡತನ ಬೀರುವಿನಲ್ಲಿ ಭದ್ರವಾಗಿರುತ್ತದೆ ಎಂದು ಮೊದಲ ದಿನವೇ ನಗುತ್ತಾ ಹೇಳಿದ್ದೆ. ನಗುವುದು ಸುಲಭವಿತ್ತು ಆಗ.

ವಿದ್ಯಾರ್ಥಿಗಳಿಗೆ ಈ ಪದ್ಧತಿ ತೋರಿಸಲು ನಾನು ಯಾವಾಗಲೂ ತೆಗೆಯುವುದು ಸ್ಯಾಂಡ್ ವರ್ಬೀನಾದ ಹಾಳೆಗಳನ್ನು. ಅದು ನಮ್ಮ ಗಿಡವಲ್ಲ, ಇಲ್ಲಿನದೂ ಅಲ್ಲ. ಅಮೆರಿಕದ ಮರಳುಗಾಡಲ್ಲಿ, ಸಮುದ್ರದ ದಂಡೆಯಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ ಹೂಬಳ್ಳಿ. ಯಾವುದೋ ಕಾಲದಲ್ಲಿ ಅಲ್ಲಿಯವರು ವಿನಿಮಯಕ್ಕೆ ಕಳಿಸಿದ ಕೆಲವು ಹಾಳೆಗಳು ನಮ್ಮಲ್ಲಿವೆ. ಅಕ್ಕತಂಗಿಯರಂಥ ಜಾತಿಗಳು, ಹೂವಿನ ಗೊಂಚಲು ನೋಡಿದರೆ ಎಲ್ಲಾ ಒಂದೇ. ಒಂದು ಹಾಳೆಯ ಮೇಲಂತೂ ಐದು ಚೀಟಿ! ಮೊದಲನೆಯವನು ಒಂದು ಹೆಸರು ಬರೆದ, ಎರಡನೆಯವನು ಅಲ್ಲ ಎಂದ, ಮೂರನೆಯವನು ಇಬ್ಬರದೂ ಅಲ್ಲ ಎಂದ, ನಾಲ್ಕನೆಯವನು ಮೊದಲನೆಯವನೇ ಸರಿ ಎಂದ. ಐದನೆಯವಳು ಯಾರೋ ಪುಣ್ಯಾತ್ಗಿತ್ತಿ ಹೂವಿನ ಗೊಡವೆಗೇ ಹೋಗದೆ ಕಾಯಿಯನ್ನು ಅಡ್ಡ ಕೊಯ್ದು, ಅದರ ರೆಕ್ಕೆ ಅಗಲವೋ ಕಿರಿದೋ, ಒಳಗೆ ಟೊಳ್ಳೋ ಗಟ್ಟಿಯೋ ನೋಡಿ ಜಗಳ ಮುಗಿಸಿದ್ದಳು. ಈ ಹಾಳೆಯನ್ನು ಮೇಜಿನ ಮೇಲಿಟ್ಟು ಪ್ರತಿ ವರ್ಷ ನಾನು ಅದೇ ಮಾತನ್ನು ಅದೇ ದೊಡ್ಡ ಗಂಟಲಲ್ಲಿ ಹೇಳುತ್ತೇನೆ: "ಹೂವನ್ನು ನಂಬಬೇಡಿ. ಕಾಯಿ ನೋಡಿ."

ಆ ಸ್ಯಾಂಡ್ ವರ್ಬೀನಾದ ದೂರದ ನೆಂಟ ನಮ್ಮ ಕೊಮ್ಮೆ ಗಿಡ. ಕೆಲವರು ಪುನರ್ನವ ಎನ್ನುತ್ತಾರೆ. ನನಗೆ ಕೊಮ್ಮೆಯೇ. ಅಪ್ಪ ರೈಲ್ವೆಯಲ್ಲಿದ್ದರು, ಅರಸೀಕೆರೆಯ ಕ್ವಾರ್ಟರ್ಸಿನಲ್ಲಿ ಬೆಳೆದೆ. ಹಳಿಯ ಪಕ್ಕದ ಜಲ್ಲಿಕಲ್ಲಿನ ನಡುವೆ ಕೊಮ್ಮೆ ಹರಡಿಕೊಂಡಿರುತ್ತಿತ್ತು. ಕೆಂಪು ದಂಟು, ಸಾಸಿವೆ ಗಾತ್ರದ ಗುಲಾಬಿ ಹೂ. ಗೂಡ್ಸ್ ಗಾಡಿ ಹೋದ ಮೇಲೆ ಅಮ್ಮ ಕುಡಿ ಚಿವುಟಿ ತಂದು ತೊಗರಿಬೇಳೆ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದಳು. ಅದರ ಕಾಯಿಗೆ ಅಂಟು. ಆಡಿ ಬಂದಾಗ ಲಂಗದ ಅಂಚಿನ ತುಂಬಾ ಕಾಯಿ, ಬಿಡಿಸುತ್ತಾ ಕೂತರೆ ಸಂಜೆಯಾಗುತ್ತಿತ್ತು.

ನೈರೋಬಿಗೆ ಬಂದ ಮೂರನೇ ವಾರ. ಮೊಂಬಾಸಾ ರಸ್ತೆಯಲ್ಲಿ ಅಥಿ ರಿವರ್ ಕಡೆಗೆ ಕಾರಿನಲ್ಲಿ ಹೋಗುತ್ತಿದ್ದೆವು. ರೈಲ್ವೆ ಹಳಿಯ ಪಕ್ಕದ ಬಯಲು, ಒಣ ಹುಲ್ಲು, ಜಲ್ಲಿ. "ಅಯ್ಯೋ, ನಿಲ್ಸಿ ನಿಲ್ಸಿ, ನಮ್ಮ ಕೊಮ್ಮೆ!" ಎಂದು ಕೂಗಿದ ರಭಸಕ್ಕೆ ಇವರು ಬ್ರೇಕ್ ಒತ್ತಿ, ಹಿಂದಿದ್ದ ಮಟಾಟು ವ್ಯಾನಿನವನು ಕಿಟಕಿಯಿಂದ ಅರ್ಧ ಹೊರಬಂದು ಬೈದ. ನಾನು ಓಡಿದೆ. ಮಂಡಿಯೂರಿ ಕೂತು ಅತ್ತೂಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೂರು ವಾರದಿಂದ ತಡೆದಿಟ್ಟುಕೊಂಡಿದ್ದ ಅಳು ಆ ಗಿಡದ ಮುಂದೆ ಬಂತು. ಹೂವು ಸ್ವಲ್ಪ ಪೇಲವವಾಗಿತ್ತು, ಈ ಊರಿನ ಮಣ್ಣೇ ಹೀಗೇನೋ ಅಂದುಕೊಂಡೆ. ಗಿಡ ನೆಲಕ್ಕೆ ಹರಡದೆ ಸ್ವಲ್ಪ ಎದ್ದು ನಿಂತಿತ್ತು, ಹುಲ್ಲಿನ ನಡುವೆ ಬೆಳೆದದ್ದಲ್ಲವಾ ಅಂದುಕೊಂಡೆ. ಒಂದು ರೆಂಬೆ ಕಿತ್ತು ತಂದು ಒಣಗಿಸಿದೆ. ಅದೇ ವರ್ಷ ಕೆಲಸ ಸಿಕ್ಕಾಗ ಹರ್ಬೇರಿಯಂಗೆ ನಾನು ಕೊಟ್ಟ ಮೊದಲ ಹಾಳೆ ಅದು. ಚೀಟಿಯಲ್ಲಿ 'ಹರಡುವ ಕೊಮ್ಮೆ' ಎಂಬರ್ಥದ ಲ್ಯಾಟಿನ್ ಹೆಸರು ಬರೆದು, ನನ್ನ ಹೆಸರು ಬರೆದೆ. ಒಣಗುವಾಗ ಉದುರಿದ ಚೂರುಪಾರನ್ನು, ಅಮ್ಮ ಕುಂಕುಮಕ್ಕೆ ಮಡಿಸುತ್ತಿದ್ದ ಹಾಗೆ, ಕಾಗದದ ಪೊಟ್ಟಣ ಕಟ್ಟಿ ಹಾಳೆಗೆ ಸಿಕ್ಕಿಸಿದೆ. ಉದುರಿದ್ದನ್ನು ಬಿಸಾಡಬಾರದು, ಅದೂ ಒಂದು ಪದ್ಧತಿ.

ಇಪ್ಪತ್ತಾರು ವರ್ಷ ಆ ಪೊಟ್ಟಣವನ್ನು ನಾನು ತೆರೆದಿರಲಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು ಕಿಟುಯಿ ಕಡೆಯ ಒಣಸೀಮೆಯವಳು. ಮೇಕೆಗಳ ನಡುವೆ ಬೆಳೆದವಳು. ಕಡಿಮೆ ಮಾತು, ನಿಧಾನದ ನಡಿಗೆ. ನನ್ನಂಥ ಗಡಿಬಿಡಿಯವಳಿಗೆ ಅವಳ ನಿಧಾನವೇ ಒಂದು ಶಿಕ್ಷೆ. ಈ ಕೊಮ್ಮೆಯ ಬಳಗದ ಮೇಲೆ ನಾಲ್ಕು ವರ್ಷ ಪ್ರಬಂಧ ಬರೆದಳು, ನಾನೇ ಗೈಡು. ಅವಳ ಊರಿನ ಹತ್ತಿರದ ಒಂದು ಕಾಲೇಜು ಅವಳಿಗೆಂದು ಅಧ್ಯಾಪಕಿಯ ಜಾಗ ಇಟ್ಟುಕೊಂಡು ಕಾಯುತ್ತಿತ್ತು, ಟರ್ಮ್ ಮುಗಿಯುವವರೆಗೆ ಮಾತ್ರ. ಅದಕ್ಕೆ ಮೊದಲು ಪ್ರಬಂಧ ಸಮಿತಿಯ ಮುಂದೆ ಹೋಗಬೇಕು. ಸಮಿತಿ ಕೂರುವುದು ಮಂಗಳವಾರ. ಅಷ್ಟರೊಳಗೆ ನನ್ನ ಸಹಿ ಬೇಕು.

ಅವಳ ಪ್ರಬಂಧದ ಮುಖ್ಯ ಅಧ್ಯಾಯ ಹೇಳುವುದಿಷ್ಟು: ಇಲ್ಲಿ ಎರಡು ಕೊಮ್ಮೆಗಳಿವೆ. ಒಂದು ಹರಡುವುದು, ಅದರ ಕಾಯಿಗೆ ಅಂಟು, ತುದಿ ಗುಂಡಗೆ. ಇನ್ನೊಂದು ನಿಮಿರಿ ನಿಲ್ಲುವುದು, ಅದರ ಕಾಯಿ ಬೋಳು, ಅಂಟಿಲ್ಲ, ತುದಿ ಚಾಕುವಿನಿಂದ ಕೊಯ್ದ ಹಾಗೆ ಚಪ್ಪಟೆ. ನಿಮಿರುವ ಜಾತಿ ಹೊಸ ಹೆದ್ದಾರಿ, ಹೊಸ ರೈಲಿನ ಮಣ್ಣಿನ ಜೊತೆ ಮೊನ್ನೆಮೊನ್ನೆ ಬಂದದ್ದೆಂದು ಎಲ್ಲರೂ ಹೇಳುತ್ತಾರೆ. ಇಲ್ಲ, ಅದಕ್ಕಿಂತ ಮೊದಲೇ ಇತ್ತು ಎನ್ನುವುದು ಅವಳ ವಾದ. ಆ ಕಾಲದ ಸಾಕ್ಷಿ ಒಂದೇ ಒಂದು: ಅಥಿ ರಿವರ್ ಬಯಲಿನ ನನ್ನ ಹಾಳೆ. ಅದರ ಮೇಲೆ ನನ್ನ ಕೈಬರಹದಲ್ಲಿ ಇರುವುದು ಹರಡುವ ಕೊಮ್ಮೆಯ ಹೆಸರು. ಆ ಬಯಲಿನ ಮೇಲೆ ಈಗ ಸಾಲು ಗೋಡೌನುಗಳು. ಹೋಗಿ ಇನ್ನೊಂದು ಗಿಡ ಕೀಳೋಣವೆಂದರೆ ಕಾಂಕ್ರೀಟು.

ಬುಧವಾರ ಅವಳು ಬಂದು ಹಾಳೆಯನ್ನು ಮೇಜಿನ ಮೇಲಿಟ್ಟಳು. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ. ಮೇಷ್ಟ್ರು ಎನ್ನುವುದಕ್ಕೆ ಇಲ್ಲಿ ಮ್ವಾಲಿಮು ಎನ್ನುತ್ತಾರೆ, ಅವಳು ನನ್ನನ್ನು ಕರೆಯುವುದು ಹಾಗೇ.

"ಮ್ವಾಲಿಮು, ಇದು ನಿಮಿರುವ ಜಾತಿ ಅಂತ ನನಗೆ ಅನ್ನಿಸುತ್ತೆ," ಎಂದಳು.

"ಅನ್ನಿಸೋದರ ಮೇಲೆ ಪ್ರಬಂಧ ಬರೀತಾರಾ? ಹಾಳೆಯಲ್ಲಿ ಬರೀ ಹೂವಿದೆ. ಕಾಯಿ ಎಲ್ಲಿ, ತೋರಿಸು."

"ದಂಟಿನ ಮೇಲೆ ಇಲ್ಲ," ಎಂದಳು. ಆಮೇಲೆ, "ಹಾಳೆಯನ್ನು ಇನ್ನೊಂದು ಸಲ ಪೂರ್ತಿ ನೋಡಿ, ಮ್ವಾಲಿಮು. ದಯವಿಟ್ಟು."

ನನಗೆ ಕೋಪ ಮೂಗಿನ ತುದಿಯಲ್ಲೇ. "ನಾನು ಈ ಗಿಡದ ಸೊಪ್ಪು ತಿಂದು ಬೆಳೆದವಳು. ನೀನು ಹುಟ್ಟೋಕೆ ಮುಂಚೆ ಲಂಗದಿಂದ ಇದರ ಕಾಯಿ ಬಿಡಿಸಿದವಳು. ನನಗೆ ಕೊಮ್ಮೆ ಗೊತ್ತಿಲ್ಲ ಅಂತೀಯಾ? ಆ ಅಧ್ಯಾಯ ತೆಗೆದು ಹಾಕು, ಸಹಿ ಮಾಡ್ತೀನಿ."

ಅಧ್ಯಾಯ ತೆಗೆದರೆ ಉಳಿದದ್ದು ಬರೀ ಪಟ್ಟಿ. ಸಮಿತಿ ಅದನ್ನು ಒಪ್ಪುವುದಿಲ್ಲ ಎನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳ ಮುಖ ಸಣ್ಣದಾಯಿತು. "ಸವಾ, ಮ್ವಾಲಿಮು," ಎಂದಳು. ಆಗಲಿ ಎಂದು. ಹಾಳೆಯನ್ನು ಬೀರುವಿನಲ್ಲಿಟ್ಟು ಹೋದಳು.

'ಪೂರ್ತಿ' ಎಂದಳಲ್ಲ, ಆ ಮಾತು ನನ್ನನ್ನು ಬಿಡಲಿಲ್ಲ. ಗುರುವಾರ ಇಡೀ ದಿನ ಕಾಲಿಗೆ ಮುಳ್ಳು ಚುಚ್ಚಿಕೊಂಡ ಹಾಗೆ ಓಡಾಡಿದೆ. ಶುಕ್ರವಾರ ಮಧ್ಯಾಹ್ನ ಎಲ್ಲರೂ ಬೇಗ ಹೊರಟ ಮೇಲೆ ಬೀರು ತೆಗೆದೆ. ದಂಟು, ಎಲೆ, ಹೂವು, ಎಲ್ಲ ನೋಡಿದ್ದೇ. ಉಳಿದದ್ದು ಪೊಟ್ಟಣ. ಅದರ ಒಂದು ಮೂಲೆ ಬಿಡಿಸಿ ಅಂಗೈಗೆ ತಟ್ಟಿದೆ. ಒಣ ಎಲೆಯ ಪುಡಿ ಬಿತ್ತು. ಅದರ ಜೊತೆ ಮೂರು ಕಾಯಿ ಬಿದ್ದವು.

ಲೆನ್ಸ್ ಹಚ್ಚಿ ನೋಡಿದೆ. ಬೋಳು. ತುದಿ ಚಪ್ಪಟೆ. ಮೂರೂ ಹಾಗೇ. ಬೆರಳಿನಿಂದ ಒತ್ತಿ ಎತ್ತಿದರೆ ಅಂಟಲಿಲ್ಲ, ಜಾರಿ ಬಿದ್ದವು. ಹಳೆಯದಾಗಿ ಅಂಟು ಹೋಗಿರಬಹುದೇ ಎಂದು ಹುಡುಕಿದೆ. ಅಂಟಿನ ರೋಮ ಉದುರಿದರೂ ಗುರುತು ಉಳಿಯುತ್ತದೆ; ಇಲ್ಲಿ ಗುರುತಿಲ್ಲ. ಚಪ್ಪಟೆ ತುದಿ ಹಳೆಯದಾದರೆ ಗುಂಡಗಾಗುವುದೂ ಇಲ್ಲ, ಗುಂಡಗಿದ್ದದ್ದು ಚಪ್ಪಟೆಯಾಗುವುದೂ ಇಲ್ಲ. ಇದೇ ಮೇಜಿನ ಮುಂದೆ ನಿಂತು ಇಪ್ಪತ್ತಾರು ವರ್ಷ ಕಾಯಿ ನೋಡಿ, ಕಾಯಿ ನೋಡಿ ಎಂದು ಕಿರುಚಿದವಳು ನಾನೇ. ನನ್ನ ಮೊದಲ ಹಾಳೆಯ ಕಾಯಿಯನ್ನು ನಾನೇ ಮಡಿಸಿಟ್ಟು ನಾನೇ ನೋಡಿರಲಿಲ್ಲ. ಬೆಪ್ಪುತಕ್ಕಡಿ ಎಂದು ಜೋರಾಗಿಯೇ ನನ್ನನ್ನು ಬೈದುಕೊಂಡೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಊದಿದರೆ ಸಾಕಿತ್ತು, ಮೂರೂ ಹಾರಿಹೋಗುತ್ತಿದ್ದವು. ಊದಲಿಲ್ಲ. ಒಳಗೆ ಹಾಕಿ, ಮಡಿಸಿ, ಹಾಳೆಗೆ ಸಿಕ್ಕಿಸುವ ಬದಲು ಪೊಟ್ಟಣವನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಮನೆಯ ಬೆಳಕಿನಲ್ಲಿ ಇನ್ನೊಮ್ಮೆ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕೋಣೆಯಿಂದ ಒಂದು ಎಲೆಯ ಚೂರನ್ನೂ ಯಾರೂ ಹೊರಗೆ ಒಯ್ಯುವಂತಿಲ್ಲ. ಆ ನಿಯಮದ ಬೋರ್ಡು ಬರೆಸಿದ್ದೂ ನಾನೇ.

ಶನಿವಾರ ರುಂಡಾ ಬಡಾವಣೆಯಲ್ಲಿ ಊಟಕ್ಕೆ ಕರೆದಿದ್ದರು. ಇವರ ಕಾರ್ಖಾನೆಯ ಮ್ಯಾನೇಜರ್ ಮನೆ, ಮೈಸೂರಿನವರು. ಗೇಟಿನ ಕಾವಲಿನವನು ಕಾರಿನೊಳಗೆ ಬಗ್ಗಿ ನೋಡಿದಾಗ ಚೀಲವನ್ನು ಎದೆಗವಚಿಕೊಂಡೆ. ಅವನು ನಕ್ಕು ಬಿಟ್ಟ. ಒಳಗೆ ಬಿಸಿಬೇಳೆಬಾತು, ಹತ್ತು ಹನ್ನೆರಡು ಜನ, ಮಕ್ಕಳು ಇಂಗ್ಲಿಷಿನಲ್ಲಿ ಗಲಾಟೆ. ಕುರ್ಚಿ ಬದಲಿಸಿ ಬದಲಿಸಿ ಕೂತೆ. ಚೀಲವನ್ನು ಸೋಫಾದ ಮೇಲಿಡಲೂ ಮನಸ್ಸಿಲ್ಲ, ತೊಡೆಯ ಮೇಲೇ ಇಟ್ಟುಕೊಂಡು ಒಂದು ಕೈಯಲ್ಲಿ ಉಂಡೆ.

ಊಟವಾದ ಮೇಲೆ ಮನೆಯಾಕೆ ಒಂದು ಕುಂಡ ಎತ್ತಿಕೊಂಡು ಬಂದರು. "ಮೇಡಂ, ಊರಿಂದ ಬೀಜ ತಂದು ಹಾಕಿದ್ದು. ಇದು ಪುನರ್ನವ ತಾನೇ? ನಮ್ಮತ್ತೆಗೆ ಕಾಲು ಊತ, ಕಷಾಯ ಮಾಡಿಕೊಡೋಣ ಅಂತ. ನೀವು ಹೂಂ ಅಂದ್ರೆ ಇವತ್ತೇ ಮಾಡ್ತೀನಿ."

ಎರಡು ಎಲೆ, ನಾಲ್ಕು ಹೂ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಈ ಊರಿನ ಕನ್ನಡದವರಿಗೆಲ್ಲ ಗಿಡದ ವಿಷಯದಲ್ಲಿ ನಾನು ಹೇಳಿದ್ದೇ ಕೊನೆ.

"ಕಾಯಿ ಬರಲಿ, ಆಮೇಲೆ ಹೇಳ್ತೀನಿ. ಅಲ್ಲಿವರೆಗೆ ಏನೂ ಕುಡಿಸ್ಬೇಡಿ. ಮೊದಲು ಡಾಕ್ಟರಿಗೆ ತೋರಿಸಿ."

"ಏನ್ ಮೇಡಂ, ಹೋದ ವರ್ಷ ಪಕ್ಕದ ಮನೆ ಗಿಡಾನ ನೋಡಿದ ಕೂಡ್ಲೇ ಹೇಳಿಬಿಟ್ರಿ!"

"ಹೋದ ವರ್ಷ ನಂಗೆ ಬುದ್ಧಿ ಇರ್ಲಿಲ್ಲ," ಎಂದೆ. ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು. ನನ್ನ ಗಂಡ ಮಾತ್ರ ನಗದೆ ನನ್ನ ಮುಖ ನೋಡಿದರು.

ಭಾನುವಾರ ಬೆಳಿಗ್ಗೆ ಇವರು ಕೇಳಿಯೇ ಬಿಟ್ಟರು. "ಏನೇ ಅದು, ಎರಡು ದಿನದಿಂದ ಬೆಂಕಿ ಮೇಲೆ ನಿಂತ ಹಾಗೆ ಆಡ್ತಿದ್ದೀಯ? ಆ ಬ್ಯಾಗಲ್ಲಿ ಏನಿದೆ?"

ಹೇಳಿದೆ. ಎಲ್ಲ ಹೇಳಿದೆ. ಇವರು ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ನೋಡುವವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮಲ್ಲಿ ಹೀಗೆ ಮಾಡಿದ್ರೆ ಸ್ಯಾಂಪಲ್ ಕದ್ದ ಅಂತ ಅವತ್ತೇ ಗೇಟಾಚೆ."

"ಕದ್ದೆ ಅನ್ಬೇಡಿ ರೀ."

"ಮತ್ತೇನು ಮಾರಾಯ್ತಿ, ಪೊಟ್ಟಣದಲ್ಲಿ ಪ್ರಸಾದ ತಂದ್ಯಾ?"

ನಗು ಬರಲಿಲ್ಲ ನನಗೆ. ಅವರಿಗೂ ಬರಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು ಅವರೇ ಹೇಳಿದರು: "ಹೂ ಬೆಳ್ಳಗಿತ್ತು ಕಣೆ. ಅವತ್ತೇ ರಸ್ತೆ ಪಕ್ಕ ನಿಂತು ಹೇಳಿದ್ದೆ, ನಿಮ್ಮೂರಿನ ಥರ ಗುಲಾಬಿ ಬಣ್ಣ ಇಲ್ವಲ್ಲೇ ಅಂತ. ನಿಮಗೇನು ಗೊತ್ತು ಅಂದೆ ನೀನು. ನೀನು ಅಳ್ತಾ ಇದ್ದೆ, ಇನ್ನೇನು ವಾದ ಮಾಡೋದು ಅಂತ ಸುಮ್ಮನಾದೆ."

ಅದು ನನಗೆ ನೆನಪೇ ಇರಲಿಲ್ಲ. ಎದ್ದು ಅಡುಗೆಮನೆಗೆ ಹೋದೆ, ಬಂದೆ, ಮತ್ತೆ ಹೋದೆ. ನನ್ನ ಕಣ್ಣಿಗೆ ಅವತ್ತು ಕಂಡದ್ದು ಎದುರಿಗಿದ್ದ ಗಿಡವಲ್ಲ, ಅರಸೀಕೆರೆಯ ಹಳಿ. ಊರು ಬಿಟ್ಟು ಬಂದವಳಿಗೆ ಊರೇ ಬೇಕಿತ್ತು, ಕೊಮ್ಮೆಯೆಂದು ಕರೆದುಬಿಟ್ಟೆ. ಅದಕ್ಕೆ ಚೀಟಿ ಅಂಟಿಸಿ ಸಹಿ ಹಾಕಿದೆ. ಆ ತಪ್ಪನ್ನಾದರೂ ಕ್ಷಮಿಸಬಹುದು. ಈಗ ಕೈಚೀಲದಲ್ಲಿರುವುದನ್ನು ಏನೆಂದು ಕರೆಯಲಿ?

ಕಿಟಕಿಯ ಹತ್ತಿರ ಬಿಳಿ ತಟ್ಟೆ ಇಟ್ಟು ಪೊಟ್ಟಣವನ್ನು ಈ ಸಲ ಪೂರ್ತಿ ಬಿಡಿಸಿದೆ, ಕಾಗದ ಚಪ್ಪಟೆಯಾಗುವ ತನಕ. ಕಟ್ಟಕಡೆಯ ಮಡಿಕೆಯ ಒಳಗೆ ಪೆನ್ಸಿಲಿನ ಅಕ್ಷರ ಕಂಡಿತು. ಪೊಟ್ಟಣ ಬಿಚ್ಚಿದವರು ಒಳಮಡಿಕೆಯಲ್ಲಿ ತಾರೀಖು ಮತ್ತು ಕಂಡದ್ದನ್ನು ಬರೆಯಬೇಕು, ಅದನ್ನು ಕಲಿಸಿದ್ದು ಕೂಡ ನಾನೇ. ನನ್ನ ವಿದ್ಯಾರ್ಥಿನಿಯ ಸಣ್ಣ, ನೇರ ಅಕ್ಷರ. ಒಂದು ತಿಂಗಳ ಹಿಂದಿನ ತಾರೀಖು. 'ಕಾಯಿ ಮೂರು. ನೋಡಿದೆ. ಹಾಗೇ ಇಟ್ಟಿದ್ದೇನೆ.'

ಒಂದು ತಿಂಗಳಿನಿಂದ ಅವಳಿಗೆ ಗೊತ್ತಿತ್ತು. ಬುಧವಾರ ನಾನು "ಕಾಯಿ ಎಲ್ಲಿ, ತೋರಿಸು" ಎಂದು ಎಗರಾಡಿದಾಗ ಪೊಟ್ಟಣ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಬಿಚ್ಚಿ ನನ್ನ ಮುಖಕ್ಕೆ ಹಿಡಿಯಬಹುದಿತ್ತು. ಪೂರ್ತಿ ನೋಡಿ, ದಯವಿಟ್ಟು ಎಂದಳು. ನಾನೇ ಬಿಚ್ಚಲಿ, ನಾನೇ ನೋಡಲಿ, ನಾನೇ ಹೇಳಲಿ ಎಂದು ಬಿಟ್ಟಳು. ನಾನು ಅದನ್ನು ಎತ್ತಿಕೊಂಡು ಮನೆಗೆ ಬಂದಿದ್ದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ. ಇವರು ಏನೋ ಕೇಳಿದರು, ಕಾಗದವನ್ನು ಅವರ ಮುಂದೆ ಹಿಡಿದೆ. ಓದಿದರು. "ನಾಳೆ ಏಳಕ್ಕೇ ಬಿಡ್ತೀನಿ ನಿನ್ನ," ಎಂದಷ್ಟೇ ಹೇಳಿದರು.

ಸೋಮವಾರ ಬೀಗ ತೆಗೆದವಳು ನಾನೇ. ಪೊಟ್ಟಣವನ್ನು ಹಾಳೆಗೆ ಸಿಕ್ಕಿಸಿದೆ. ಹೊಸ ಚೀಟಿ ತೆಗೆದುಕೊಂಡು 'ನಿಮಿರುವ ಕೊಮ್ಮೆ'ಯ ಲ್ಯಾಟಿನ್ ಹೆಸರು ಬರೆದೆ. ಕೆಳಗೆ ಗುರುತಿಸಿದವರ ಹೆಸರಿನ ಜಾಗದಲ್ಲಿ ಅವಳ ಹೆಸರು ಬರೆದೆ, ಅದರ ಕೆಳಗೆ 'ಒಪ್ಪಿದ್ದೇನೆ' ಎಂದು ನನ್ನ ಹೆಸರು. ಹಳೆಯ ಚೀಟಿಯ ಪಕ್ಕದಲ್ಲಿ ಅಂಟಿಸಿದೆ. ನನ್ನ ಹೆಸರು ಎರಡು ಕಡೆ ಇತ್ತು, ಎರಡೂ ಕಡೆ ಬೇರೆಬೇರೆ ಮಾತು ಹೇಳುತ್ತಿತ್ತು. ಸಮಿತಿಗೆ ಕೊಡಬೇಕಾದ ಅವಳ ಪ್ರಬಂಧದ ಫಾರ್ಮಿಗೂ ಸಹಿ ಹಾಕಿದೆ. ಗೋಂದು ಒಣಗುವವರೆಗೂ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದೆ.

ಒಂಬತ್ತಕ್ಕೆ ಅವಳು ಬಂದಳು. ಕಣ್ಣು ಬಾಡಿತ್ತು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

ಫಾರ್ಮು ಕೊಟ್ಟೆ. ಹಾಳೆ ತೋರಿಸಿದೆ. ಹೊಸ ಚೀಟಿಯನ್ನು ಎರಡು ಸಲ ಓದಿದಳು. ಅವಳು ಥ್ಯಾಂಕ್ಸ್ ಹೇಳುವ ಮೊದಲು ನಾನು ಹೇಳಬೇಕಾದ್ದು ಹೇಳಿಬಿಡಬೇಕಿತ್ತು.

"ಶುಕ್ರವಾರ ನಾನು ಈ ಪೊಟ್ಟಣಾನ ಮನೆಗೆ ತಗೊಂಡು ಹೋಗಿದ್ದೆ."

"ಗೊತ್ತು, ಮ್ವಾಲಿಮು."

ಶುಕ್ರವಾರ ಸಂಜೆ ಮರೆತ ಚಾರ್ಜರ್ ತೆಗೆದುಕೊಳ್ಳಲು ಅವಳು ಕಾವಲಿನವನಿಂದ ಬೀಗದ ಕೈ ಪಡೆದು ವಾಪಸು ಬಂದಿದ್ದಳಂತೆ. ನಾನು ನೋಡಿರಬಹುದು ಎಂಬ ಆಸೆಯಿಂದ ಬೀರು ತೆಗೆದಳಂತೆ. ಹಾಳೆ ಇತ್ತು, ಪೊಟ್ಟಣ ಇರಲಿಲ್ಲ. ನಾನು ಕೊನೆಯವಳಾಗಿ ಹೊರಟದ್ದು ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ನನ್ನ ಕೈಯಲ್ಲೇ ಬರೆದಿತ್ತು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ನಿನ್ನ ಹತ್ರ ಫೋಟೋ ಇತ್ತಾ?"

"ಇಲ್ಲ."

"ಯಾಕಮ್ಮಾ?"

ಅವಳು ಆ ಪ್ರಶ್ನೆಯೇ ಅರ್ಥವಾಗದವಳಂತೆ ನನ್ನ ಕಡೆ ನೋಡಿದಳು. "ನಿಮ್ಮ ಹಾಳೆ ಅಲ್ಲವಾ. ನೀವೇ ನೋಡ್ತೀರಿ ಅಂದುಕೊಂಡಿದ್ದೆ." ಆಮೇಲೆ ಫಾರ್ಮನ್ನು ನಿಧಾನವಾಗಿ ಫೈಲಿಗೆ ಹಾಕುತ್ತಾ, "ಶನಿವಾರ ಅಮ್ಮನಿಗೆ ಫೋನ್ ಮಾಡಿ ಕಾಲೇಜಿನ ಕೆಲಸ ಸಿಗಲಾರದು ಅಂತ ಹೇಳಿದೆ. ಈಗ ಮತ್ತೆ ಫೋನ್ ಮಾಡಬೇಕು," ಎಂದಳು.

ನಾನು ಶನಿವಾರ ಬಿಸಿಬೇಳೆಬಾತು ಉಣ್ಣುತ್ತಾ ನನ್ನ ಸಂಕಟವನ್ನೇ ದೊಡ್ಡದೆಂದುಕೊಂಡಿದ್ದೆ. ಅದೇ ಹೊತ್ತಿಗೆ ಹಾಸ್ಟೆಲಿನ ಮಂಚದ ಮೇಲೆ ಕೂತು ಈ ಹುಡುಗಿ ತನ್ನ ತಾಯಿಗೆ ಆಸೆ ಬಿಡು ಎಂದು ಹೇಳುತ್ತಿದ್ದಳು. "ಪೋಲೆ," ಎಂದೆ. ತಪ್ಪಾಯಿತು ಎನ್ನಲು ನನ್ನ ಬಾಯಿಗೆ ಬಂದ ಸ್ವಾಹಿಲಿ ಮಾತು ಅದೊಂದೇ. ಅವಳು ತಲೆಯಾಡಿಸಿದಳು. ಪರವಾಗಿಲ್ಲ ಎಂದು ಮಾತ್ರ ಹೇಳಲಿಲ್ಲ.

"ಮೂರೂ ಇವೆ," ಎಂದೆ. "ಒಂದೂ ಹೋಗಿಲ್ಲ."

"ಸವಾ, ಮ್ವಾಲಿಮು."

ಅಷ್ಟು ಹೇಳಿ ಅವಳು ಕೈ ತೊಳೆದು ಬಂದಳು. ಮೇಜಿನ ಮುಂದೆ ಕೂತು ಲೆನ್ಸ್ ತೆಗೆದಳು. ಪೊಟ್ಟಣವನ್ನು ಹಾಳೆಯಿಂದ ಬಿಡಿಸಿ, ಒಂದೊಂದೇ ಮಡಿಕೆ ಬಿಚ್ಚಿ, ಬಿಳಿ ಕಾಗದದ ಮೇಲೆ ಬಗ್ಗಿಸಿದಳು. ನಾನು ಹೇಳಿದೆನಲ್ಲ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಅಲುಗಾಡದೆ ನಿಂತೆ. ಅವಳು ಸೂಜಿಯ ತುದಿಯಿಂದ ಒಂದೊಂದನ್ನೇ ಬದಿಗೆ ಸರಿಸುತ್ತಾ, ಸ್ವಾಹಿಲಿಯಲ್ಲಿ, ನನಗೆ ಕೇಳುವ ಹಾಗೆ ಎಣಿಸಿದಳು. ಮೋಜಾ. ಎಂಬಿಲಿ. ಟಾಟು.